ಹೊಸ ಗ್ರಂಥಾಲಯ, ಹಳೆಯ ಬೀಗ

(ಬಾನುಲಿ ಭಾಷಣ)

ಊರಿನಲ್ಲಿ ಹೊಸದಾಗಿ ಒಂದು ಸಾರ್ವಜನಿಕ ಗ್ರಂಥಾಲಯ ತೆರೆಯುತ್ತದೆಂದರೆ ಅದನ್ನು ಬೇಡವೆನ್ನುವವರು ಯಾರೂ ಇರುವುದಿಲ್ಲ. ರಸ್ತೆ ಅಗಲವಾಗಬೇಕೆಂದರೆ ಮನೆಯ ಜಗಲಿ ಕಳೆದುಕೊಳ್ಳುವವರ ತಕರಾರು ಉಂಟು. ಸಂತೆಯ ಜಾಗ ಬದಲಾಗಬೇಕೆಂದರೆ ವರ್ತಕರ ತಕರಾರು ಉಂಟು. ಗ್ರಂಥಾಲಯಕ್ಕೆ ಮಾತ್ರ ಸರ್ವರ ಸಮ್ಮತಿ. ವೇದಿಕೆಯ ಮೇಲೆ ಕುಳಿತವರೆಲ್ಲರೂ ಅದನ್ನು ಜ್ಞಾನದೇಗುಲವೆಂದು ಕೊಂಡಾಡುತ್ತಾರೆ, ಕೆಳಗೆ ಕುಳಿತವರು ಚಪ್ಪಾಳೆ ತಟ್ಟುತ್ತಾರೆ. ಇಷ್ಟು ಸುಲಭವಾಗಿ ದೊರೆಯುವ ಸಮ್ಮತಿಯನ್ನು ನಾನು ಸ್ವಲ್ಪ ಸಂಶಯದಿಂದಲೇ ನೋಡುತ್ತೇನೆ. ದೇಗುಲವೆಂಬ ಆ ಮಾತಿನೊಳಗೆ ಒಂದು ಗರ್ಭಗುಡಿಯಿದೆ, ಗರ್ಭಗುಡಿಗೊಂದು ಬಾಗಿಲಿದೆ, ಬಾಗಿಲಿಗೊಂದು ಬೀಗವಿದೆ. ಇಂದಿನ ನನ್ನ ಮಾತು ಆ ಬೀಗವನ್ನು ಕುರಿತದ್ದು.

ಈಚೆಗೆ ನಮ್ಮ ಬಡಾವಣೆಯಲ್ಲಿಯೂ ಸಾರ್ವಜನಿಕ ಗ್ರಂಥಾಲಯದ ಶಾಖೆಯೊಂದು ತೆರೆಯಿತು. ಉದ್ದನೆಯ ಒಂದು ಕೊಠಡಿ, ಪತ್ರಿಕೆಗಳಿಗಾಗಿ ಇಳಿಜಾರಾದ ಮೇಜು, ನಾಲ್ಕು ಬೆಂಚು, ಗೋಡೆಯ ಉದ್ದಕ್ಕೂ ಗಾಜಿನ ಬಾಗಿಲಿನ ಉಕ್ಕಿನ ಬೀರುಗಳು. ಗಾಜಿನ ಹಿಂದೆ ಪುಸ್ತಕಗಳು ಬೆನ್ನು ತೋರಿಸಿ ನಿಂತಿವೆ. ಪ್ರತಿಯೊಂದು ಬೀರುವಿಗೂ ಬೀಗ. ಬೀಗದ ಕೈಗಳ ಗೊಂಚಲು ಗ್ರಂಥಪಾಲಕಿಯ ಮೇಜಿನ ಸೆಳೆಖಾನೆಯಲ್ಲಿ. ಬೇಕಾದ ಪುಸ್ತಕದ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಆಕೆ ಎದ್ದುಬಂದು, ಬೀಗ ತೆಗೆದು, ಪುಸ್ತಕ ಕೊಟ್ಟು, ಮತ್ತೆ ಬೀಗ ಹಾಕುವ ಏರ್ಪಾಡು. ಆರಂಭದ ವಾರದಲ್ಲಿಯೇ ಬಡಾವಣೆಯ ಹಿರಿಯರ ಸಭೆಯೊಂದರಲ್ಲಿ ಈ ಬೀಗಗಳ ಮಾತು ಬಂದಿತು. ಹೆಚ್ಚಿನವರು ಬೀಗದ ಪರವಾಗಿದ್ದರು. ಅವರು ಓದಿನ ದ್ವೇಷಿಗಳೇನೂ ಅಲ್ಲ. ಕಷ್ಟಪಟ್ಟು ತಂದ ಪುಸ್ತಕಗಳು ಆರು ತಿಂಗಳಲ್ಲಿ ಮಾಯವಾಗಬಾರದೆಂಬುದು ಅವರ ಕಳಕಳಿ. ಕಳಕಳಿ ಪ್ರಾಮಾಣಿಕವಾದುದರಿಂದಲೇ ಅದಕ್ಕೆ ಸಮಾಧಾನ ಹೇಳುವುದು ಕಷ್ಟ.

ಮೊದಲಿಗೆ ಒಪ್ಪಿಕೊಳ್ಳಬೇಕಾದ ಒಂದು ಸಂಗತಿಯಿದೆ. ನಮ್ಮ ಪ್ರಾಚೀನ ಸಾಹಿತ್ಯ ಇಂದು ನಮಗೆ ದೊರೆತಿರುವುದರಲ್ಲಿ ಬೀಗದ ಪಾಲೂ ಇದೆ. ನಮ್ಮ ಹಿಂದಿನವರು ಪುಸ್ತಕ ಸಂಗ್ರಹವನ್ನು ಸರಸ್ವತೀ ಭಂಡಾರವೆಂದು ಕರೆದರು, ಭಂಡಾರವೆಂದರೆ ಬೊಕ್ಕಸ. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿರುವ ಧವಲ, ಜಯಧವಲ, ಮಹಾಧವಲ ಗ್ರಂಥಗಳ ಕಥೆಯನ್ನು ಬಲ್ಲವರು ಇದನ್ನು ಅಲ್ಲಗಳೆಯಲಾರರು. ಭಾಷೆ ಪ್ರಾಕೃತ ಪ್ರಧಾನವಾದುದು, ಲಿಪಿ ಹಳೆಯ ಕನ್ನಡದ್ದು, ಬರೆದುದು ತಾಳೆಗರಿಯ ಮೇಲೆ. ಲೋಕದಲ್ಲಿ ಬೇರೆಲ್ಲಿಯೂ ಅವುಗಳ ಪ್ರತಿಯಿರಲಿಲ್ಲ. ಶತಮಾನಗಳ ಕಾಲ ಅವು ಓದುವ ಗ್ರಂಥಗಳಾಗಿರದೆ ಕೈಮುಗಿದು ದರ್ಶನ ಪಡೆಯುವ ವಸ್ತುಗಳಾಗಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಕಲು ಮಾಡುವ ಕಾರ್ಯ ಆರಂಭವಾಗಿ, ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಧವಲದ ಮೊದಲನೆಯ ಸಂಪುಟ ಅಚ್ಚಾಗಿ ಹೊರಬಂದುದು 1939ರಲ್ಲಿ, ಅದೂ ದೂರದ ಅಮರಾವತಿಯಿಂದ. ಬಿಗಿಯಾದ ಆ ಕಾವಲಿಲ್ಲದಿದ್ದರೆ ಅಚ್ಚು ಮಾಡಲು ಏನು ಉಳಿದಿರುತ್ತಿತ್ತು ಎಂಬ ಪ್ರಶ್ನೆ ನ್ಯಾಯವಾದುದೇ. ಒಂದೇ ಪ್ರತಿಯಿರುವ ಪುಸ್ತಕಕ್ಕೆ ಬೀಗ ಬೇಕು. ಇದರಲ್ಲಿ ನನಗೆ ಎರಡನೆಯ ಮಾತಿಲ್ಲ.

ಆದರೆ ಕನ್ನಡ ನಾಡು ಇನ್ನೊಂದು ದಾರಿಯನ್ನೂ ಬಲ್ಲುದು, ಅದೂ ಅಚ್ಚಿನ ಯಂತ್ರ ಹುಟ್ಟುವುದಕ್ಕೆ ಐದು ಶತಮಾನ ಮೊದಲು. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾದ ಸಂಗತಿ. ತಾಳೆಗರಿಯನ್ನು ಹದಮಾಡಿ, ಕಂಟದಿಂದ ಕೊರೆದು, ಕಾಡಿಗೆ ತೀಡಿ, ದಾರ ಪೋಣಿಸಿ ಸಾವಿರ ಪ್ರತಿ! ಎಷ್ಟು ಲಿಪಿಕಾರರು, ಎಷ್ಟು ತಿಂಗಳು ಕುಳಿತಿರಬೇಕು? ಆಕೆಯ ಎದುರಿಗೂ ಗ್ರಂಥ ನಾಶವಾಗುವ ಭಯವೇ ಇದ್ದಿತು. ಆ ಭಯಕ್ಕೆ ಮೂಡಬಿದಿರೆ ಕಂಡುಕೊಂಡ ಉತ್ತರ ಕಾವಲು. ಅತ್ತಿಮಬ್ಬೆ ಕಂಡುಕೊಂಡ ಉತ್ತರ ಹಂಚಿಕೆ. ಶಾಸ್ತ್ರದಾನವೆಂಬ ಮಾತಿನ ಪೂರ್ಣಾರ್ಥ ನನಗೆ ತಿಳಿದುದು ಪಠ್ಯದ ಟಿಪ್ಪಣಿಯಿಂದಲ್ಲ, ಈ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದಾಗ. ಅಚ್ಚು ಬಂದ ಮೇಲೆ ಅತ್ತಿಮಬ್ಬೆಯ ದಾರಿ ಎಲ್ಲರಿಗೂ ಸುಲಭವಾಯಿತು. ಸಾವಿರ ಪ್ರತಿ ಅಚ್ಚಾದ ಕಾದಂಬರಿಯೊಂದರ ಒಂದು ಪ್ರತಿ ನಮ್ಮ ಬಡಾವಣೆಯಲ್ಲಿ ಕಳೆದುಹೋದರೆ ಕನ್ನಡ ಸಾಹಿತ್ಯಕ್ಕೆ ನಷ್ಟವಿಲ್ಲ. ಇನ್ನೊಂದು ಪ್ರತಿ ತರಿಸಬಹುದು. ಹೀಗಿದ್ದರೂ ನಮ್ಮ ಕೈ ಮಾತ್ರ ತಾಳೆಗರಿಯ ಕಾಲದ ಅಭ್ಯಾಸವನ್ನೇ ಮುಂದುವರಿಸುತ್ತಿದೆ.

ಇದು ನಮ್ಮೊಬ್ಬರದೇ ಅಭ್ಯಾಸವೆಂದು ತಿಳಿಯಬೇಕಾಗಿಲ್ಲ. ಯುರೋಪಿನ ಮಠ, ಇಗರ್ಜಿಗಳಲ್ಲಿ ಪುಸ್ತಕಗಳನ್ನು ಕಬ್ಬಿಣದ ಸರಪಳಿಯಿಂದ ಮೇಜಿಗೆ ಬಿಗಿಯುತ್ತಿದ್ದರು. ಇಂಗ್ಲೆಂಡಿನ ಹೆರಿಫರ್ಡ್ ಪಟ್ಟಣದ ಪ್ರಧಾನ ಇಗರ್ಜಿಯಲ್ಲಿ ಅಂಥ ಸರಪಳಿಯ ಪುಸ್ತಕಗಳು ಇಂದಿಗೂ ಇವೆ. ಸಾರ್ವಜನಿಕ ಗ್ರಂಥಾಲಯಗಳು ಹುಟ್ಟಿ ಎಷ್ಟೋ ವರ್ಷಗಳಾದ ಮೇಲೂ ಅಲ್ಲಿ ಓದುಗನಿಗೂ ಪುಸ್ತಕಕ್ಕೂ ನಡುವೆ ಒಂದು ಗೋಡೆಯಿದ್ದೇ ಇದ್ದಿತು. ಗೋಡೆಯ ರೂಪ ವಿನೋದವಾದುದು. ಗಲ್ಲೆಯ ಮೇಲೆ ಆಳೆತ್ತರದ ಮರದ ಹಲಗೆ, ಅದರ ತುಂಬ ಬೆಂಕಿಪೊಟ್ಟಣದ ಬದಿಯಷ್ಟು ಸಣ್ಣ ಗೂಡುಗಳು, ಗೂಡಿಗೊಂದು ಅಂಕೆ. ಓದುಗ ಮೊದಲು ಅಚ್ಚಾದ ಪಟ್ಟಿಯಲ್ಲಿ ಪುಸ್ತಕದ ಅಂಕೆಯನ್ನು ಹುಡುಕಬೇಕು, ಅನಂತರ ಹಲಗೆಯಲ್ಲಿ ಆ ಅಂಕೆಯ ಬಣ್ಣ ನೋಡಬೇಕು. ಒಂದು ಬಣ್ಣ ಕಂಡರೆ ಪುಸ್ತಕ ಒಳಗಿದೆ, ಇನ್ನೊಂದು ಕಂಡರೆ ಹೊರಗೆ ಹೋಗಿದೆ. ಒಳಗಿದ್ದರೆ ಗುಮಾಸ್ತನನ್ನು ಕೂಗಬೇಕು. ರೈಲು ನಿಲ್ದಾಣದಲ್ಲಿ ಟಿಕೆಟ್ ಕೊಂಡ ಹಾಗೆ ಸಾಹಿತ್ಯವನ್ನು ಪಡೆಯುವ ಏರ್ಪಾಡು ಇದು.

ಈ ಹಲಗೆಯನ್ನು ತೆಗೆದುಹಾಕಿದವನು ಜೇಮ್ಸ್ ಡಫ್ ಬ್ರೌನ್ ಎಂಬ ಗ್ರಂಥಪಾಲ. ಲಂಡನ್ನಿನ ಕ್ಲರ್ಕನ್‌ವೆಲ್ ಎಂಬ ಭಾಗದ ಗ್ರಂಥಾಲಯದಲ್ಲಿ, 1894ರಲ್ಲಿ, ಓದುಗರು ತಾವೇ ಕಪಾಟುಗಳ ನಡುವೆ ಹೋಗಿ ಪುಸ್ತಕ ಆರಿಸಿಕೊಳ್ಳಬಹುದೆಂದು ಅವನು ಏರ್ಪಡಿಸಿದ. ಸಹೋದ್ಯೋಗಿಗಳೇ ತಿರುಗಿಬಿದ್ದರು. ಕಳವಾಗುತ್ತದೆ, ಪುಸ್ತಕಗಳು ಸ್ಥಳ ತಪ್ಪುತ್ತವೆ, ಗಲಭೆಯಾಗುತ್ತದೆ ಎಂದು ವಾದಿಸಿದರು. ನಮ್ಮ ಬಡಾವಣೆಯ ಸಭೆಯಲ್ಲಿ ಕೇಳಿಬಂದ ಆಕ್ಷೇಪಗಳೂ ಹೆಚ್ಚುಕಡಿಮೆ ಇವೇ, ಆಕ್ಷೇಪಗಳಿಗೂ ಪರಂಪರೆಯುಂಟು. ಬ್ರೌನ್ ಕನಸುಗಾರ ಮಾತ್ರನಾಗಿದ್ದರೆ ಸೋತುಬಿಡುತ್ತಿದ್ದ. ಅವನು ಕಳವಿನ ಭಯವನ್ನು ತಳ್ಳಿಹಾಕಲಿಲ್ಲ, ಅದರ ಸ್ಥಾನವನ್ನು ಬದಲಿಸಿದ. ಕಪಾಟುಗಳಿರುವ ಜಾಗಕ್ಕೆಲ್ಲ ಒಂದು ಆವರಣ. ಒಳಗೆ ಹೋಗಲು ಒಂದು ಕಿರುಬಾಗಿಲು, ಹೊರಗೆ ಬರಲು ಒಂದು ಕಿರುಬಾಗಿಲು. ಎರಡರ ಪಕ್ಕದಲ್ಲಿಯೂ ಸಿಬ್ಬಂದಿ. ಪ್ರತಿ ಕಪಾಟಿಗೆ ಹಾಕುತ್ತಿದ್ದ ಕಾವಲನ್ನು ತಂದು ಬಾಗಿಲಲ್ಲಿ ನಿಲ್ಲಿಸಿದ, ಅಷ್ಟೆ. ಇಂದು ಲೋಕದಲ್ಲಿ ಎಲ್ಲಿ ತೆರೆದ ಕಪಾಟಿನ ಗ್ರಂಥಾಲಯವಿದ್ದರೂ ಅದರ ಮೂಲಸೂತ್ರ ಇಷ್ಟೇ. ನಮ್ಮ ಬಡಾವಣೆಯ ಕೊಠಡಿಗಂತೂ ಇರುವುದೇ ಒಂದು ಬಾಗಿಲು. ಗ್ರಂಥಪಾಲಕಿಯ ಮೇಜು ಈಗ ಕೊಠಡಿಯ ಆ ತುದಿಯ ಮೂಲೆಯಲ್ಲಿ, ಪಂಖದ ಕೆಳಗಿದೆ. ಮೇಜನ್ನೂ ಪಂಖವನ್ನೂ ಬಾಗಿಲಿನ ಬಳಿಗೆ ತಂದರೆ ಹದಿನಾಲ್ಕು ಬೀಗಗಳ ಕೆಲಸ ಮುಗಿಯಿತು.

ನಮ್ಮ ದೇಶದಲ್ಲಿ ಈ ಮಾತನ್ನು ಶಾಸ್ತ್ರವಾಗಿ ಬೆಳೆಸಿದವರು ಎಸ್. ಆರ್. ರಂಗನಾಥನ್. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ಅವರು 1924ರ ಜನವರಿಯಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಗ್ರಂಥಪಾಲರಾದರು. ಮೊದಲ ದಿನಗಳಲ್ಲಿ ಆ ಹುದ್ದೆ ಅವರಿಗೆ ಹಿಡಿಸಲಿಲ್ಲ. ಮಾತಿಗೆ ಜನವಿಲ್ಲದೆ ಬೇಸತ್ತು, ಪಾಠ ಹೇಳಲು ಹಿಂದಿರುಗಿಸಿರೆಂದು ಕೇಳಿಕೊಂಡರಂತೆ. ಲಂಡನ್ನಿಗೆ ಹೋಗಿಬಂದು ಅನಂತರ ತೀರ್ಮಾನಿಸಿರೆಂಬ ಸಲಹೆ ಬಂದಿತು. ಅಲ್ಲಿ ಅವರು ಕಂಡುದು ಬರಿಯ ಪುಸ್ತಕಗಳನ್ನಲ್ಲ. ಕೂಲಿಯವರು, ಮಕ್ಕಳು, ಗೃಹಿಣಿಯರು ನಿರ್ಭಯವಾಗಿ ಕಪಾಟುಗಳ ನಡುವೆ ಓಡಾಡುವ ಸಾರ್ವಜನಿಕ ಗ್ರಂಥಾಲಯಗಳನ್ನು. ಹಿಂದಿರುಗಿದ ಮೇಲೆ ಮದರಾಸಿನ ಗ್ರಂಥಾಲಯದಲ್ಲಿ ಕಪಾಟುಗಳು ಓದುಗರಿಗೆ ತೆರೆದವು. 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದು ಪುಸ್ತಕಗಳು ಬಳಕೆಗಾಗಿ ಇವೆಯೆಂಬುದು. ಇಷ್ಟು ಸರಳವಾದುದಕ್ಕೆ ಸೂತ್ರವೇಕೆ ಎಂದು ವಿದ್ಯಾರ್ಥಿದೆಸೆಯಲ್ಲಿ ನನಗೆ ಅನ್ನಿಸಿತ್ತು. ಮೂವತ್ತು ವರ್ಷಕ್ಕೂ ಮಿಕ್ಕಿ ಕಾಲೇಜು ಗ್ರಂಥಾಲಯಗಳ ಬೀರುಗಳೆದುರು ನಿಂತ ಮೇಲೆ, ಉಳಿದ ನಾಲ್ಕು ಸೂತ್ರಗಳಿಲ್ಲದಿದ್ದರೂ ಇದೊಂದು ಸಾಕಾಗಿತ್ತೆಂದು ಅನ್ನಿಸುತ್ತದೆ. ರಂಗನಾಥನ್ನರ ಬಾಳಿನ ಕೊನೆಯ ವರ್ಷಗಳು ನಮ್ಮ ಬೆಂಗಳೂರಿನಲ್ಲಿಯೇ ಕಳೆದವು. ಪ್ರಲೇಖನದ ಸಂಶೋಧನೆ ಮತ್ತು ತರಬೇತಿಯ ಕೇಂದ್ರವನ್ನು 1962ರಲ್ಲಿ ಅವರು ಅಲ್ಲಿ ಸ್ಥಾಪಿಸಿದರು. 1972ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ಸೂತ್ರ ಮಾತ್ರ ಬೆಂಗಳೂರಿನಿಂದ ನಮ್ಮ ಬಡಾವಣೆಗೆ ಇನ್ನೂ ಪ್ರಯಾಣದಲ್ಲಿದೆ.

ಹಾಗಾದರೆ ನಮ್ಮ ಗ್ರಂಥಪಾಲರು ಈ ಸೂತ್ರವನ್ನು ಓದಿಲ್ಲವೆ? ಓದಿದ್ದಾರೆ, ಪರೀಕ್ಷೆಯಲ್ಲಿ ಬರೆದು ಉತ್ತೀರ್ಣರಾಗಿದ್ದಾರೆ. ಬೀಗದ ಮೂಲ ಅವರ ಮನಸ್ಸಿನಲ್ಲಿಲ್ಲ, ಲೆಕ್ಕದ ಪುಸ್ತಕದಲ್ಲಿದೆ. ನಾನು ಕೆಲಸ ಮಾಡಿದ ಕಾಲೇಜೊಂದರಲ್ಲಿ ಒಬ್ಬ ಗ್ರಂಥಪಾಲರಿದ್ದರು. ಪುಸ್ತಕದ ಮೇಲೆ ನಿಜವಾದ ಪ್ರೀತಿಯಿದ್ದವರು. ಸೇವೆಯ ಮೊದಲ ವರ್ಷಗಳಲ್ಲಿ ವಿದ್ಯಾರ್ಥಿಗಳನ್ನು ಕಪಾಟಿನ ಬಳಿಗೆ ಕೈಹಿಡಿದು ಕರೆದೊಯ್ಯುತ್ತಿದ್ದರಂತೆ. ನಾನು ಅಲ್ಲಿಗೆ ಹೋಗುವ ಹೊತ್ತಿಗೆ ಅವರು ಬೇರೆಯೇ ಮನುಷ್ಯರಾಗಿದ್ದರು. ನಡುವೆ ಒಂದು ದಾಸ್ತಾನು ತಪಾಸಣೆ ನಡೆದು, ಸಿಕ್ಕದೇ ಹೋದ ಪುಸ್ತಕಗಳ ಪಟ್ಟಿಯಾಗಿ, ಆ ಮೊತ್ತ ಅವರ ಸಂಬಳದಿಂದ ಕಂತು ಕಂತಾಗಿ ಮುರಿದಿತ್ತು. ನಿವೃತ್ತಿಯ ಕಾಲಕ್ಕೆ ಮತ್ತೆ ತಪಾಸಣೆ. ಎಂಟು ತಿಂಗಳು ಅವರ ನಿವೃತ್ತಿವೇತನದ ಕಾಗದ ಮೇಜಿನಿಂದ ಮೇಜಿಗೆ ತಿರುಗಿತು. ಮಗಳ ಮದುವೆ ಗೊತ್ತಾಗಿದ್ದ ವರ್ಷ ಅದು. ನಾಲ್ಕಾರು ಮಂದಿ ಸಹೋದ್ಯೋಗಿಗಳು ಸಾಲವಾಗಿ ಕೂಡಿಸಿಕೊಟ್ಟ ಹಣದಿಂದ ಕಾರ್ಯ ಸಾಗಿತು. ಕೊನೆಯ ದಿನ ಅವರು ಬೀಗದ ಕೈಗಳನ್ನು ಒಪ್ಪಿಸುತ್ತ, ತಮ್ಮ ಸ್ಥಾನಕ್ಕೆ ಬಂದ ತರುಣನಿಗೆ ಹೇಳಿದ ಮಾತನ್ನು ನಾನು ಪಕ್ಕದಲ್ಲಿಯೇ ನಿಂತು ಕೇಳಿದೆ: "ನೋಡಪ್ಪಾ, ಓದಿದವರು ಯಾರೂ ನಿನ್ನ ಪರವಾಗಿ ಬಂದು ಸಾಕ್ಷಿ ಹೇಳೋದಿಲ್ಲ. ಪುಸ್ತಕ ಎಣಿಕೆಗೆ ಸರಿಯಾಗಿದ್ದರೆ ಸಾಕು." ಆ ತರುಣ ತನ್ನ ಇಡೀ ಸೇವೆಯಲ್ಲಿ ಎಣಿಕೆ ತಪ್ಪಲು ಬಿಡಲಿಲ್ಲ. ಅವನ ಕಾಲದಲ್ಲಿ ಪುಸ್ತಕವೂ ಹೊರಗೆ ಹೋಗಲಿಲ್ಲ. ಇವರಿಬ್ಬರಲ್ಲಿ ಯಾರನ್ನೂ ನಾನು ದೂರಲಾರೆ.

ನಮ್ಮ ಹೊಸ ಗ್ರಂಥಪಾಲಕಿಯೂ ಮೊನ್ನೆ ಇದೇ ದನಿಯಲ್ಲಿ ಕೇಳಿದರು: "ಸಾರ್, ಬೀಗ ತೆಗೆಯೋಕೆ ನಂದೇನೂ ಅಡ್ಡಿಯಿಲ್ಲ. ಹತ್ತು ಪುಸ್ತಕ ಹೋದರೆ ತುಂಬೋರು ಯಾರು?" ತೆರೆದ ಕಪಾಟಿನ ಪರವಾಗಿ ಭಾಷಣ ಮಾಡುವವರೆಲ್ಲರೂ ಮೊದಲು ಉತ್ತರಿಸಬೇಕಾದ ಪ್ರಶ್ನೆ ಇದೇ. ಅಚ್ಚರಿಯ ಮಾತೆಂದರೆ, ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಇದಕ್ಕೆ ಉತ್ತರವಿದೆ. 2005ರ ನಿಯಮಗಳಲ್ಲಿಯೂ 2017ರ ನಿಯಮಗಳಲ್ಲಿಯೂ ಇರುವ ಆ ವಿಧಿಯ ಸಾರಾಂಶವಿಷ್ಟು: ವರ್ಷದಲ್ಲಿ ಎರವಲು ಕೊಟ್ಟ ಅಥವಾ ಓದಲು ತೆಗೆದ ಪ್ರತಿ ಸಾವಿರ ಸಂಪುಟಗಳಿಗೆ ಐದು ಸಂಪುಟ ಕಳೆದರೆ ಅದನ್ನು ಸಹಜವಾದ ನಷ್ಟವೆಂದು ಎಣಿಸಬಹುದು; ಅಪ್ರಾಮಾಣಿಕತೆಯೋ ಅಲಕ್ಷ್ಯವೋ ಕಾರಣವಾಗಿರಬಾರದು, ಅಷ್ಟೆ. ಸಾವಿರ ರೂಪಾಯಿಗೂ ಮೀರಿದ ಬೆಲೆಯ ಪುಸ್ತಕ, ಅಪೂರ್ವವಾದ ಪುಸ್ತಕ ಕಳೆದರೆ ಮಾತ್ರ ವಿಚಾರಣೆ ತಪ್ಪದು. ಈ ವಿಧಿ ಕೇಂದ್ರದ ಕಚೇರಿಗಳಿಗೆ ಸಂಬಂಧಿಸಿದ್ದು, ನಮ್ಮ ಬಡಾವಣೆಯ ಶಾಖೆಗೆ ನೇರವಾಗಿ ಅನ್ವಯಿಸುವುದಲ್ಲ. ಆದರೆ ಅದರ ನೀತಿ ಎಷ್ಟು ವಿವೇಕದ್ದು ನೋಡಿ. ನಷ್ಟವನ್ನು ಅದು ಕಪಾಟಿನಲ್ಲಿರುವ ಪುಸ್ತಕಗಳ ಸಂಖ್ಯೆಯಿಂದ ಅಳೆಯುವುದಿಲ್ಲ, ಓದಿಗೆ ಹೋದ ಪುಸ್ತಕಗಳ ಸಂಖ್ಯೆಯಿಂದ ಅಳೆಯುತ್ತದೆ. ಹೆಚ್ಚು ಓದಿಸಿದ ಗ್ರಂಥಪಾಲನಿಗೆ ಹೆಚ್ಚು ರಿಯಾಯಿತಿ. ಏನನ್ನೂ ಹೊರಗೆ ಬಿಡದವನಿಗೆ ರಿಯಾಯಿತಿಯೇ ಇಲ್ಲ!

ಲೆಕ್ಕವನ್ನೇ ಮುಂದುವರಿಸೋಣ. ಪುಸ್ತಕವೊಂದಕ್ಕೆ ಸರಾಸರಿ ಇನ್ನೂರು ರೂಪಾಯಿ ಎಂದಿಟ್ಟುಕೊಂಡರೆ ಐದು ಪುಸ್ತಕದ ನಷ್ಟ ಸಾವಿರ ರೂಪಾಯಿ. ಅದಕ್ಕೆ ಪ್ರತಿಯಾಗಿ ನಡೆದುದು ಸಾವಿರ ಓದು. ಅಂದರೆ ಓದಿಗೆ ಒಂದು ರೂಪಾಯಿ ವೆಚ್ಚ. ನಮ್ಮ ಶಾಖೆಯ ಬೀರುಗಳಲ್ಲಿ ಮೂರು ಸಾವಿರ ಪುಸ್ತಕಗಳಿವೆ. ಅದೇ ಲೆಕ್ಕದಲ್ಲಿ ಆರು ಲಕ್ಷ ರೂಪಾಯಿ. ಅವು ಹೊರಗೆ ಬಾರದಿದ್ದರೆ ಆರು ಲಕ್ಷವೂ ನಷ್ಟವೇ. ಆದರೆ ಆ ನಷ್ಟವನ್ನು ಬರೆಯಲು ಯಾವ ದಾಸ್ತಾನು ಪುಸ್ತಕದಲ್ಲಿಯೂ ಅಂಕಣವಿಲ್ಲ. ಗೆದ್ದಲಿಗೆ ಬೀಗವೂ ಅಡ್ಡಿಯಲ್ಲವೆಂಬುದು ಬೇರೆಯ ಮಾತು.

ಇನ್ನು, ಚೀಟಿ ಬರೆದುಕೊಟ್ಟರೆ ಪುಸ್ತಕ ಸಿಕ್ಕುತ್ತದಲ್ಲ, ತೊಂದರೆಯೇನು ಎನ್ನುವವರಿಗೆ ಒಂದು ಮಾತು. ಚೀಟಿ ಬರೆಯಬೇಕಾದರೆ ಪುಸ್ತಕದ ಹೆಸರು ಮೊದಲೇ ತಿಳಿದಿರಬೇಕು. ಹೆಸರು ತಿಳಿದವರು ಈಗಾಗಲೇ ಅರ್ಧ ಓದುಗರಾದವರು. ನಾನು, ನೀವು, ಈ ಭಾಷಣ ಕೇಳುತ್ತಿರುವಂಥವರು. ಗ್ರಂಥಾಲಯ ತೆರೆದುದು ನಮಗಾಗಿ ಮಾತ್ರವಲ್ಲವಷ್ಟೆ? ಕುವೆಂಪು ಎಂದು ಕೇಳಿ ಬಲ್ಲ ಹುಡುಗಿಗೆ ಪಟ್ಟಿಯಲ್ಲಿ ಪುಟ್ಟಪ್ಪ, ಕೆ. ವಿ. ಎಂದು ಹುಡುಕಬೇಕೆಂದು ಹೇಗೆ ಗೊತ್ತಾಗಬೇಕು? ಶ್ರೀನಿವಾಸರ ಕಥೆಗಳು ಮ ಅಕ್ಷರದಲ್ಲಿ ಮಾಸ್ತಿಯವರ ಕೆಳಗೆ ಇರಬಹುದು, ವ ಅಕ್ಷರದಲ್ಲಿ ವೆಂಕಟೇಶ ಅಯ್ಯಂಗಾರರ ಕೆಳಗೂ ಇರಬಹುದು. ಶ್ರೀರಂಗರು ಆದ್ಯ ರಂಗಾಚಾರ್ಯರಾಗಿ ಅಡಗಿ ಕುಳಿತಿರುತ್ತಾರೆ. ತ್ರಿವೇಣಿಯವರು ಅನಸೂಯಾ ಶಂಕರರಾಗಿ. ಕಾವ್ಯನಾಮ, ಊರಿನ ಹೆಸರು, ಮನೆತನದ ಹೆಸರು, ತಂದೆಯ ಹೆಸರು ಎಲ್ಲ ಬೆರೆತಿರುವ ನಮ್ಮ ಲೇಖಕರನ್ನು ಒಂದು ಅಕಾರಾದಿಗೆ ಒಗ್ಗಿಸುವುದು ಛಂದಸ್ಸಿಗೆ ಗದ್ಯವನ್ನು ಒಗ್ಗಿಸಿದಂತೆ. ಗಣಕಯಂತ್ರದ ಪಟ್ಟಿ ಬಂದ ಮೇಲೂ ಈ ತೊಡಕು ಪೂರ್ತಿ ಬಿಟ್ಟಿಲ್ಲ. ತೆರೆದ ಕಪಾಟಿನ ಮುಂದೆ ಈ ಪಾಂಡಿತ್ಯವೊಂದೂ ಬೇಡ, ಕಣ್ಣು ಇದ್ದರೆ ಸಾಕು.

ಪುಸ್ತಕದ ಬೆನ್ನಿನ ಮೇಲೆ ಅಂಟಿಸುವ ಅಂಕೆಯ ಮಾತನ್ನೂ ಇಲ್ಲಿ ಹೇಳಿಬಿಡುತ್ತೇನೆ. ಹಲವರು ಅದನ್ನು ಕಚೇರಿಯ ಗುರುತೆಂದೇ ತಿಳಿದಿದ್ದಾರೆ. ಬಹುಮಟ್ಟಿಗೆ ಬಳಕೆಯಲ್ಲಿರುವುದು ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ಪದ್ಧತಿ. ಸಮಸ್ತ ಜ್ಞಾನವನ್ನೂ ಹತ್ತು ಭಾಗ ಮಾಡಿ, ಒಂದೊಂದನ್ನೂ ಮತ್ತೆ ಹತ್ತಾಗಿ ಒಡೆಯುತ್ತ ಹೋಗುವುದು ಅದರ ಕ್ರಮ. ಸಾಹಿತ್ಯಕ್ಕೆ 800. ಅಮೆರಿಕದ ಸಾಹಿತ್ಯಕ್ಕೆ 810, ಇಂಗ್ಲಿಷಿಗೆ 820, ಜರ್ಮನ್ನಿಗೆ 830. ಕನ್ನಡಕ್ಕೆ? ಇತರ ಭಾಷೆಗಳೆಂಬ 890ರ ಓಣಿಯನ್ನು ಹೊಕ್ಕು, ದ್ರಾವಿಡವೆಂಬ 894.8ರ ಸಂದಿಯಲ್ಲಿ ತಿರುಗಿ, 894.814 ಎಂಬ ಮನೆಯ ಕದ ತಟ್ಟಬೇಕು. ಅಲ್ಲಿ ಮತ್ತೆ ಒಂದು ಸೇರಿಸಿದರೆ ಕಾವ್ಯ, ಎರಡಾದರೆ ನಾಟಕ, ಮೂರಾದರೆ ಕಥೆ, ಕಾದಂಬರಿ. ಅಮೆರಿಕವೆಂಬುದೊಂದಿದೆಯೆಂದು ಯುರೋಪಿಗೆ ತಿಳಿಯುವುದಕ್ಕೆ ಐದೂವರೆ ಶತಮಾನ ಮೊದಲೇ ಆದಿಪುರಾಣವನ್ನು ಬರೆದ ಪಂಪನಿಗೆ ದಶಾಂಶ ಬಿಂದುವಿನ ಬಲಗಡೆ ವಾಸ! ಆದರೂ ಈ ಅಂಕೆ ಉಪಕಾರಿ. ಏಕೆಂದರೆ ಒಂದೇ ಬಗೆಯ ಪುಸ್ತಕಗಳನ್ನು ಅದು ಒಂದೇ ಕಡೆ ನೆರೆಹೊರೆಯಾಗಿ ನಿಲ್ಲಿಸುತ್ತದೆ. ನೆರೆಹೊರೆಯ ಪ್ರಯೋಜನ ಯಾರಿಗೆ? ಕಪಾಟಿನ ಮುಂದೆ ನಿಂತು ಒಂದನ್ನು ಹುಡುಕುತ್ತ ಪಕ್ಕದ ಇನ್ನೊಂದನ್ನು ಕಾಣುವವನಿಗೆ. ಬೀಗ ಹಾಕಿದ ಬೀರುವಿನಲ್ಲಿ ಪುಸ್ತಕಗಳನ್ನು ಈ ಅಂಕೆಯ ಪ್ರಕಾರ ಜೋಡಿಸುವುದೂ ಒಂದೇ, ಎತ್ತರದ ಪ್ರಕಾರ ಜೋಡಿಸುವುದೂ ಒಂದೇ.

ನಮ್ಮ ಪಟ್ಟಣಗಳಲ್ಲಿ 1970ರ, 80ರ ದಶಕಗಳಲ್ಲಿ ಬಾಡಿಗೆಗೆ ಕಾದಂಬರಿ ಕೊಡುವ ಅಂಗಡಿಗಳು ಬೀದಿಗೊಂದರಂತೆ ಇದ್ದುದನ್ನು ನನ್ನ ವಯಸ್ಸಿನ ಕೇಳುಗರು ಮರೆತಿರಲಾರರು. ಅ. ನ. ಕೃ., ತ. ರಾ. ಸು., ತ್ರಿವೇಣಿ, ಎಂ. ಕೆ. ಇಂದಿರಾ ಇವರ ಪುಸ್ತಕಗಳು ರಟ್ಟು ಕಿತ್ತುಹೋಗಿ, ದಾರದಿಂದ ಹೊಲಿಸಿಕೊಂಡು, ಮನೆಯಿಂದ ಮನೆಗೆ ಸುತ್ತುತ್ತಿದ್ದವು. ಅಂಗಡಿಯಾತ ಗ್ರಂಥಾಲಯ ವಿಜ್ಞಾನವನ್ನು ಓದಿದವನಲ್ಲ. ಆದರೆ ಯಾರು ಯಾವುದನ್ನು ಓದಿದ್ದಾರೆ, ಮುಂದೆ ಯಾವುದನ್ನು ಕೊಟ್ಟರೆ ಮೆಚ್ಚುತ್ತಾರೆಂಬುದು ಅವನ ನಾಲಗೆಯ ತುದಿಯಲ್ಲಿರುತ್ತಿತ್ತು. ಕನ್ನಡ ಕಾದಂಬರಿಯನ್ನು ಬೆಳೆಸಿದ ಕೀರ್ತಿಯಲ್ಲಿ ಒಂದು ಪಾಲನ್ನು ನಮ್ಮ ವಿಮರ್ಶಕರು ಈ ಅಂಗಡಿಗಳಿಗೆ ಕೊಟ್ಟಿಲ್ಲ, ಕೊಡಬೇಕಾಗಿತ್ತು. ಅಲ್ಲಿಗೆ ಹೆಚ್ಚಾಗಿ ಬರುತ್ತಿದ್ದವರು ಹೆಂಗಸರು, ಅಥವಾ ಹೆಂಗಸರು ಕಳುಹಿಸಿದ ಮಕ್ಕಳು. ಅವರು ಕುಳಿತು ಓದುವವರಲ್ಲ, ಒಯ್ದು ಓದುವವರು. ಹೊಸ ಗ್ರಂಥಾಲಯಗಳನ್ನು ಯೋಜಿಸುವವರು ಈ ಭೇದವನ್ನು ಗಮನಿಸುವುದಿಲ್ಲ. ಬೆಳಿಗ್ಗೆ ನಮ್ಮ ಶಾಖೆಗೆ ಹೋಗಿ ನೋಡಿದರೆ ಪತ್ರಿಕೆಯ ಮೇಜಿನ ಸುತ್ತ ನನ್ನಂಥ ನಿವೃತ್ತರು. ಬೆಂಚುಗಳ ಮೇಲೆ ಸ್ಪರ್ಧಾ ಪರೀಕ್ಷೆಗೆ ಓದುವ ತರುಣರು, ತಮ್ಮದೇ ಪುಸ್ತಕಗಳನ್ನು ಚೀಲದಲ್ಲಿ ತಂದವರು. ಅವರಿಗೆ ಬೇಕಾದುದು ನೆರಳು, ದೀಪ, ನಿಶ್ಶಬ್ದ. ಅದು ಅವರಿಗೆ ಸಿಗಲೇಬೇಕು. ಹತ್ತು ಅಡಿಯ ಮನೆಯಲ್ಲಿ ಐದು ಮಂದಿಯ ನಡುವೆ ಓದಬೇಕಾದವರಿಗೆ ಆ ಬೆಂಚು ಸಣ್ಣ ವಸ್ತುವಲ್ಲ. ಆದರೆ ಕೊಠಡಿ ತುಂಬಿದೆಯೆಂಬುದರಿಂದ ಗ್ರಂಥಾಲಯ ನಡೆಯುತ್ತಿದೆಯೆಂದು ತಿಳಿಯಬಾರದು. ಎರವಲಿನ ದಾಖಲೆ ತೆರೆದು ನೋಡಬೇಕು. ಅದರಲ್ಲಿ ಹೆಂಗಸರ ಹೆಸರು ಎಷ್ಟು, ಮಕ್ಕಳ ಹೆಸರು ಎಷ್ಟು ಎಂದು ನೋಡಬೇಕು.

ಕಪಾಟು ತೆರೆದಿಟ್ಟು, ಚಂದಾ ಕೇಳದೆ, ಯಾರಿಗೆ ಬೇಕಾದರೂ ಪುಸ್ತಕ ಕೊಡುವ ಪ್ರಯೋಗ ನಮ್ಮ ದೇಶಕ್ಕೆ ಹೊಸತೇನೂ ಅಲ್ಲ. ಯುನೆಸ್ಕೊ ಸಂಸ್ಥೆಯ ನೆರವಿನಿಂದ ದೆಹಲಿ ಸಾರ್ವಜನಿಕ ಗ್ರಂಥಾಲಯವನ್ನು 1951ರ ಅಕ್ಟೋಬರ್ 27ರಂದು ಜವಾಹರಲಾಲ್ ನೆಹರೂ ತೆರೆದರು. ದೇಶವಿಭಜನೆಯ ನಿರಾಶ್ರಿತರಿಂದ ಇನ್ನೂ ಕಿಕ್ಕಿರಿದಿದ್ದ ಹಳೆಯ ದೆಹಲಿಯಲ್ಲಿ, ರೈಲು ನಿಲ್ದಾಣದ ಎದುರಿನಲ್ಲಿ, ಇಂಥ ಗ್ರಂಥಾಲಯವನ್ನು ತೆರೆಯುವ ಧೈರ್ಯ ಅಂದು ಇತ್ತು. ನಮ್ಮ ಶಾಂತವಾದ ಬಡಾವಣೆಯಲ್ಲಿ ಅದು ಇಲ್ಲವೆಂದರೆ ಹೇಗೆ?

ಕರ್ನಾಟಕದ ಗ್ರಂಥಾಲಯ ಕಾನೂನು 1965ರದು, ರಾಜ್ಯಕ್ಕಿನ್ನೂ ಮೈಸೂರೆಂಬ ಹೆಸರಿದ್ದಾಗಿನದು. ಗ್ರಂಥಾಲಯ ಸರ್ಕಾರದ ಔದಾರ್ಯದಿಂದಲೋ ದಾನಿಗಳ ಕೃಪೆಯಿಂದಲೋ ನಡೆಯಬೇಕಾಗಿಲ್ಲ, ಜನರ ತೆರಿಗೆಯಿಂದ ಹಕ್ಕಾಗಿ ನಡೆಯಬೇಕೆಂಬುದು ಅದರ ತಿರುಳು. ಅದರಂತೆ ಆಸ್ತಿತೆರಿಗೆಯ ಮೇಲೆ ಗ್ರಂಥಾಲಯ ಉಪಕರವಿದೆ. ಈಗ ರೂಪಾಯಿಗೆ ಆರು ಪೈಸೆ. ಹಳ್ಳಿಗಳ ಕಡೆಯೂ ಈಚೆಗೆ ಗಾಳಿ ಬದಲಾಗಿದೆ. ಐದು ಸಾವಿರಕ್ಕೂ ಮಿಕ್ಕ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. 2020ರ ನವೆಂಬರಿನಲ್ಲಿ, ಶಾಲೆಗಳು ಮುಚ್ಚಿದ್ದ ಆ ಸಾಂಕ್ರಾಮಿಕದ ಕಾಲದಲ್ಲಿ, 'ಓದುವ ಬೆಳಕು' ಎಂಬ ಕಾರ್ಯಕ್ರಮದಿಂದ ಮಕ್ಕಳನ್ನು ಶುಲ್ಕವಿಲ್ಲದೆ ಸದಸ್ಯರನ್ನಾಗಿ ಸೇರಿಸಿಕೊಳ್ಳತೊಡಗಿದವು. ಅಂಥ ಒಂದೆರಡು ಗ್ರಂಥಾಲಯಗಳನ್ನು ನಾನು ನೋಡಿದ್ದೇನೆ. ಚಾಪೆಯ ಮೇಲೆ ಪುಸ್ತಕ ಹರಡಿಕೊಂಡು ಮಕ್ಕಳು ಬೋರಲಾಗಿ ಮಲಗಿ ಓದುತ್ತಿದ್ದರು. ಹಳ್ಳಿಯ ಮಕ್ಕಳನ್ನು ನಂಬಿದ ಏರ್ಪಾಡು ಪಟ್ಟಣದ ಹಿರಿಯರನ್ನು ಏಕೆ ನಂಬಬಾರದೋ ತಿಳಿಯದು.

ನಮ್ಮ ಬಡಾವಣೆಯ ಸಭೆಯಲ್ಲಿ ಕೊನೆಗೆ ಆದ ಒಡಂಬಡಿಕೆ ಹೀಗಿದೆ. ಅಪೂರ್ವವಾದ ಹಳೆಯ ಮುದ್ರಣಗಳು, ನಿಘಂಟುಗಳು, ಹೆಚ್ಚು ಬೆಲೆಯ ಗ್ರಂಥಗಳು ಎರಡು ಬೀರುಗಳಲ್ಲಿ ಬೀಗದೊಳಗೇ ಇರಲಿ. ಕಥೆ, ಕಾದಂಬರಿ, ಜೀವನಚರಿತ್ರೆ, ಮಕ್ಕಳ ಪುಸ್ತಕಗಳಿರುವ ಐದು ಬೀರುಗಳ ಬಾಗಿಲನ್ನು ಕಳಚಿ ಒಂದು ವರ್ಷ ನೋಡುವುದು. ಉಳಿದ ಏಳರ ಮಾತು ಆಮೇಲೆ. ಗ್ರಂಥಪಾಲಕಿಯ ಮೇಜು ಬಾಗಿಲಿನ ಬಳಿಗೆ ಬರಬೇಕು. ಸಾವಿರ ಎರವಲಿಗೆ ಐದು ಪುಸ್ತಕದವರೆಗೆ ಕಳೆದುದನ್ನು ಬಡಾವಣೆಯ ಸಂಘವೇ ಕೊಂಡು ತುಂಬಿಕೊಡುವುದು. ಆಕೆಯ ಸಂಬಳಕ್ಕೆ ಅದನ್ನು ಮುಟ್ಟಿಸತಕ್ಕದ್ದಲ್ಲವೆಂದು ಇಲಾಖೆಗೆ ಬರೆದುಕೊಂಡಿದ್ದೇವೆ. ಉತ್ತರವಿನ್ನೂ ಬಂದಿಲ್ಲ. ಅಲ್ಲಿಯವರೆಗೆ ಬೀಗ ತೆಗೆಯುವುದಿಲ್ಲವೆಂದು ಆಕೆ ಹೇಳಿದ್ದಾರೆ, ಅದು ನ್ಯಾಯವೇ.

ಈ ನಡುವೆ ಕೇಳುಗರು ಒಂದು ಕೆಲಸ ಮಾಡಬಹುದು. ಈ ವರ್ಷ ಆಸ್ತಿತೆರಿಗೆ ಕಟ್ಟಿದ ರಸೀದಿಯನ್ನು ತೆಗೆದು ನೋಡಿ. ಆರೋಗ್ಯದ ಉಪಕರ, ಭಿಕ್ಷುಕರ ಪುನರ್ವಸತಿಯ ಉಪಕರ ಇವುಗಳ ಜೊತೆಯಲ್ಲಿ ಗ್ರಂಥಾಲಯದ ಉಪಕರವೂ ಕಾಣುತ್ತದೆ. ಭಿಕ್ಷುಕರಿಗೆ ರೂಪಾಯಿಗೆ ಮೂರು ಪೈಸೆ, ಪುಸ್ತಕಕ್ಕೆ ಆರು. ಬಾಡಿಗೆಮನೆಯಲ್ಲಿರುವವರೂ ಬಾಡಿಗೆಯ ಮೂಲಕ ಅದನ್ನು ಕೊಟ್ಟೇ ಇರುತ್ತಾರೆ. ಆ ರಸೀದಿಯನ್ನು ಜೇಬಿನಲ್ಲಿಟ್ಟುಕೊಂಡು ಸಮೀಪದ ಶಾಖೆಗೆ ಹೋಗಿ ಸದಸ್ಯತ್ವದ ಅರ್ಜಿ ಕೇಳಿ. ಬೀರುವಿಗೆ ಬೀಗವಿದ್ದರೆ, ಗ್ರಂಥಪಾಲರ ಮೇಲೆ ರೇಗದೆ, ಕಳೆದುಹೋದ ಪುಸ್ತಕದ ಹಣವನ್ನು ಯಾರ ಸಂಬಳದಿಂದ ಮುರಿದುಕೊಳ್ಳುತ್ತಾರೆಂದು ವಿಚಾರಿಸಿ. ಬಂದ ಉತ್ತರವನ್ನು ಒಂದು ಕಾಗದದಲ್ಲಿ ಬರೆದು ಇಲಾಖೆಗೆ ಕಳುಹಿಸಿ.